ಹೊಸ ವಾಷಿಂಗ್ ಮಷೀನ್ ಕುಣಿಯುತ್ತದೆ, ಮುಟ್ಟಿದರೆ ಜುಮ್ ಅನ್ನುತ್ತದೆ: ವಾಪಸ್ ಕೊಡಬೇಕಾ?

ಪ್ರಶ್ನೆ: ನಾವು ದಾವಣಗೆರೆಯ ನಿಟ್ಟುವಳ್ಳಿಯಲ್ಲಿದ್ದೇವೆ. ಮನೆ ಮೊದಲ ಮಹಡಿಯಲ್ಲಿದೆ. ಮೇಲೆ ತಾರಸಿ, ಅಲ್ಲೇ ಟ್ಯಾಂಕ್ ಕೂತಿದೆ. ಹೋದ ತಿಂಗಳು 7 ಕೆಜಿಯ ಫ್ರಂಟ್ ಲೋಡ್ ಮಷೀನ್ ತಂದು ಅಡುಗೆಮನೆ ಹಿಂದಿನ ಯುಟಿಲಿಟಿಯಲ್ಲಿ ಇಟ್ಟೆವು. ಫಿಟ್ಟಿಂಗಿಗೆ ಬಂದ ಹುಡುಗ ಪೈಪ್ ಸಿಕ್ಕಿಸಿ, ಎರಡು ನಿಮಿಷ ಖಾಲಿ ಓಡಿಸಿ, ಸಹಿ ಹಾಕಿಸಿಕೊಂಡು ಹೋದ. ಅವತ್ತಿನಿಂದ ನೆಮ್ಮದಿ ಇಲ್ಲ. ಹಿಂಡುವಾಗ ಮಷೀನ್ ಮನೆ ನಡುಗಿಸುತ್ತದೆ, ಜಾಗ ಬಿಟ್ಟು ಮುಂದೆ ಬರುತ್ತದೆ. ನೀರು ತುಂಬುವುದಕ್ಕೆ ತುಂಬಾ ಹೊತ್ತು ಬೇಕು, ಕೆಲವು ಸಲ ಅರ್ಧಕ್ಕೇ ನಿಂತು ಬೀಪ್ ಹೊಡೆಯುತ್ತದೆ. ಕಪ್ಪು ಬಟ್ಟೆ ಮೇಲೆ ಬಿಳಿ ಪುಡಿ ಉಳಿಯುತ್ತದೆ. ಬರಿಗಾಲಲ್ಲಿ ನಿಂತು ಮುಟ್ಟಿದರೆ ಜುಮ್ ಅನ್ನುತ್ತದೆ, ಚಪ್ಪಲಿ ಹಾಕಿಕೊಂಡರೆ ಏನೂ ಇಲ್ಲ. ಯುಟಿಲಿಟಿಯಲ್ಲಿ ಪಾಯಿಂಟ್ ಇರಲಿಲ್ಲ ಅಂತ ನಮ್ಮ ಪರಿಚಯದವರು ಮಿಕ್ಸಿ ಪಾಯಿಂಟಿನಿಂದ ಎರಡು ವೈರ್ ಎಳೆದು ಬಾಕ್ಸ್ ಮಾಡಿಕೊಟ್ಟಿದ್ದಾರೆ. ಪಕ್ಕದ ಮನೆಯವರು ‘ಬೋರ್ ನೀರಿಗೆ ಫ್ರಂಟ್ ಲೋಡ್ ಆಗಲ್ಲ, ಎರಡೇ ವರ್ಷ’ ಅನ್ನುತ್ತಾರೆ. ಅಂಗಡಿಯವರು ಗಾಲಿ ಸ್ಟ್ಯಾಂಡ್, ಸ್ಟೆಬಿಲೈಸರ್, ನೀರಿನ ಫಿಲ್ಟರ್ ಮೂರೂ ತಗೊಳ್ಳಿ ಅನ್ನುತ್ತಾರೆ. ನಮ್ಮ ಯಜಮಾನರು ವಾಪಸ್ ಕೊಟ್ಟುಬಿಡೋಣ ಅನ್ನುತ್ತಿದ್ದಾರೆ. ಮಷೀನೇ ಸರಿ ಇಲ್ಲವಾ? ಇನ್ನೊಂದು, ಪುಸ್ತಕದ ಜೊತೆ ಬಂದ ಕವರಿನಲ್ಲಿ ನಾಲ್ಕು ಪ್ಲಾಸ್ಟಿಕ್ ಬಿರಡೆ ಹಾಗೇ ಉಳಿದಿವೆ. ಅವು ಯಾಕೆ?

ಉತ್ತರ: ಮೇಡಂ, ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಚಪ್ಪಲಿ ಹಾಕಿಕೊಂಡು, ಒಣಗಿದ ಕೈಯಲ್ಲಿ ಸ್ವಿಚ್ ಆಫ್ ಮಾಡಿ ಮಷೀನಿನ ಪ್ಲಗ್ ಕಿತ್ತಿಡಿ. ವೈರಿಂಗ್ ಸರಿಯಾಗುವವರೆಗೆ ಬಟ್ಟೆ ಕೈಯಲ್ಲೇ ಒಗೆಯಿರಿ. ನೀವು ಬರೆದ ನಾಲ್ಕು ತೊಂದರೆಗಳಲ್ಲಿ ಮೂರು ಬರೀ ಕಿರಿಕಿರಿ. ಜುಮ್ ಅನ್ನುವುದು ಮಾತ್ರ ಹಾಗಲ್ಲ.

ನಿಮ್ಮ ದೊಡ್ಡ ಚಿಂತೆ ಮಷೀನ್ ಕೆಟ್ಟದ್ದು ಬಂತಾ ಅನ್ನುವುದು. ಪತ್ರ ನೋಡಿದರೆ ನನಗೆ ಹಾಗೆ ಕಾಣುವುದಿಲ್ಲ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ‘ಹೊಸ ಮಷೀನ್ ಕೆಟ್ಟಿದೆ’ ಅಂತ ಕರೆದ ಮನೆಗಳಲ್ಲಿ ನಾನು ಹೆಚ್ಚಾಗಿ ರಿಪೇರಿ ಮಾಡುವುದು ಮಷೀನನ್ನಲ್ಲ. ನೆಲ, ನಳ, ವೈರು, ಇಲ್ಲವೇ ಅವಸರದಲ್ಲಿ ಮಾಡಿದ ಫಿಟ್ಟಿಂಗು.

ಮೊದಲು ಕರೆಂಟಿನ ವಿಷಯ. ‘ಹೊಸ ಮಷೀನ್ ಎಂದರೆ ಸ್ವಲ್ಪ ಜುಮ್ ಅನ್ನುತ್ತದೆ, ಚಪ್ಪಲಿ ಹಾಕಿಕೊಳ್ಳಿ ಸಾಕು’ ಅಂತ ಹೇಳುವ ಎಲೆಕ್ಟ್ರಿಷಿಯನ್‌ಗಳೇ ಇದ್ದಾರೆ. ಅದರಲ್ಲಿ ಅರ್ಧ ನಿಜ, ಅರ್ಧ ಅಪಾಯ. ನಿಜ ಏನೆಂದರೆ, ಈಗಿನ ಮಷೀನ್‌ಗಳ ಒಳಗೆ ಕರೆಂಟ್ ಬರುವ ಜಾಗದಲ್ಲೇ ಒಂದು ಫಿಲ್ಟರ್ (ನೀರಿನದಲ್ಲ, ಕರೆಂಟಿನದು) ಇರುತ್ತದೆ. ಅದರ ಸಣ್ಣ ಕೆಪಾಸಿಟರ್‌ಗಳು ಫೇಸಿನಿಂದಲೂ ನ್ಯೂಟ್ರಲ್‌ನಿಂದಲೂ ಮಷೀನಿನ ಮೈಗೆ ಸೇರಿರುತ್ತವೆ. ಅಲ್ಲಿಂದ ಬಹಳ ಸ್ವಲ್ಪ ಕರೆಂಟ್ ಮೈಗೆ ಬರುತ್ತದೆ, ಅರ್ಥಿಂಗ್ ವೈರ್ ಹಿಡಿದು ನೆಲಕ್ಕೆ ಹೋಗಿಬಿಡುತ್ತದೆ. ಅರ್ಥಿಂಗೇ ಇಲ್ಲದಿದ್ದರೆ ಮಷೀನಿನ ತಗಡಿನ ಮೇಲೆ 230 ವೋಲ್ಟಿನ ಸುಮಾರು ಅರ್ಧದಷ್ಟು ನಿಂತಿರುತ್ತದೆ. ಟೆಸ್ಟರ್ ಇಟ್ಟರೆ ಮಂದವಾಗಿ ಉರಿಯುತ್ತದೆ. ಬರಿಗಾಲಲ್ಲಿ ಮುಟ್ಟಿದಾಗ ಆ ಕರೆಂಟಿಗೆ ನೀವೇ ದಾರಿ. ಎರಡೇ ವೈರ್ ಎಳೆದಿದ್ದಾರೆ ಅಂತ ನೀವೇ ಬರೆದಿದ್ದೀರಿ. ಮೂರನೆಯದು, ಅಂದರೆ ಅರ್ಥಿಂಗಿನ ಹಸಿರು ವೈರ್, ಅಲ್ಲಿ ಇಲ್ಲ.

ಅಪಾಯ ಇರುವುದು ಮುಂದೆ. ಇವತ್ತು ಜುಮ್ ಅನ್ನುವ ಕರೆಂಟ್ ಜೀವ ತೆಗೆಯುವಷ್ಟು ಇರುವುದಿಲ್ಲ. ಆದರೆ ನಾಳೆ ಹೀಟರ್ ಸೀಳಿತು, ಇಲಿ ಒಂದು ವೈರ್ ಕಚ್ಚಿತು ಅಂದುಕೊಳ್ಳಿ. ಆಗ ಪೂರ್ತಿ ಕರೆಂಟ್ ಮೈಗೆ ಬರುತ್ತದೆ. ಅರ್ಥಿಂಗ್ ಇಲ್ಲದ ಕಾರಣ ಫ್ಯೂಸ್ ಹೋಗುವುದಿಲ್ಲ, ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ತಾನಾಗಿ ಬೀಳುವ ಸ್ವಿಚ್) ಬೀಳುವುದಿಲ್ಲ. ಒದ್ದೆ ನೆಲದಲ್ಲಿ ನಿಂತು ಬಾಗಿಲು ತೆಗೆಯುವವರಿಗೆ ಅದು ಗೊತ್ತೂ ಆಗುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ಫ್ರಂಟ್ ಲೋಡ್ ಮಷೀನಿನ ಹೀಟರ್ ಸಾಮಾನ್ಯವಾಗಿ 2000 ವ್ಯಾಟ್ ಆಸುಪಾಸು ಇರುತ್ತದೆ. ಬಿಸಿನೀರಿನ ಪ್ರೋಗ್ರಾಂ ಹಾಕಿದರೆ 9 ಆಂಪ್ ಹತ್ತಿರ ಎಳೆಯುತ್ತದೆ. ಮಿಕ್ಸಿ ಪಾಯಿಂಟ್ ಇರುವುದು 6 ಆಂಪಿಗೆ. ಒಂದು ದಿನ ಆ ಬಾಕ್ಸ್ ಮುಟ್ಟಿ ನೋಡಿದರೆ ಬಿಸಿ ಇರುತ್ತದೆ, ಇನ್ನೊಂದು ದಿನ ಪ್ಲಾಸ್ಟಿಕ್ ಕರಗಿದ ವಾಸನೆ ಬರುತ್ತದೆ. ನೀವು ಇಲ್ಲಿಯವರೆಗೆ ತಣ್ಣೀರಲ್ಲೇ ಒಗೆದಿರಬೇಕು, ಅದಕ್ಕೇ ಬಚಾವ್.

ಮಾಡಿಸಬೇಕಾದದ್ದು ಇಷ್ಟು. ಮೇನ್ ಬೋರ್ಡಿನಿಂದ ಯುಟಿಲಿಟಿಗೆ ಬೇರೆಯೇ ಒಂದು ಲೈನ್. 2.5 ಸ್ಕ್ವೇರ್ ಎಂಎಂ ವೈರ್, ಮೂರೂ ಎಳೆ. 16 ಆಂಪ್ ಸಾಕೆಟ್, ನೀರು ಸಿಡಿಯದ ಎತ್ತರದಲ್ಲಿ. ಮನೆಯ ಅರ್ಥಿಂಗ್ ನಿಜಕ್ಕೂ ಕೆಲಸ ಮಾಡುತ್ತಿದೆಯಾ ಅಂತ ಮೀಟರ್ ಇಟ್ಟು ನೋಡಿಸಿ. ಸಾಕೆಟ್ಟಿನಲ್ಲಿ ಮೂರು ತೂತು ಇದ್ದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತ ಅಲ್ಲ. ಹಳೆಯ ಮನೆಗಳಲ್ಲಿ ಉಪ್ಪು, ಇದ್ದಿಲು ತುಂಬಿದ ಅರ್ಥಿಂಗ್ ಗುಂಡಿ ಬೇಸಿಗೆಗೆ ಪೂರ್ತಿ ಒಣಗಿರುತ್ತದೆ, ಆಗಾಗ ನೀರು ಹಾಕಬೇಕು. ಬಾಡಿಗೆ ಮನೆಯಾದರೆ ಮಾಲೀಕರನ್ನು ಕೇಳಲೇಬೇಕಾದ ಖರ್ಚು ಇದು, ಮುಜುಗರ ಬೇಡ. ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ ಅನ್ನುವ ಸ್ವಿಚ್ ಹಾಕಿಸಿದರೆ ಕರೆಂಟ್ ಸೋರಿಕೆ ಕಂಡ ಕೂಡಲೇ ಲೈನ್ ಕಡಿಯುತ್ತದೆ. ಖರ್ಚಿನ ಮುಖ ನೋಡಬೇಡಿ.

ಯಾರಾದರೂ ‘ಅರ್ಥಿಂಗ್ ಇಲ್ಲ ಬಿಡಿ, ನ್ಯೂಟ್ರಲ್‌ಗೇ ಸೇರಿಸಿಬಿಡ್ತೀನಿ, ಜುಮ್ ಹೋಗುತ್ತೆ’ ಅಂದರೆ ಅವರಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ. ಜುಮ್ ಹೋಗುವುದೇನೋ ನಿಜ. ಎಲ್ಲೋ ನ್ಯೂಟ್ರಲ್ ಕಡಿದ ದಿನ ಮಷೀನಿನ ಮೈ ಪೂರ್ತಿ 230 ವೋಲ್ಟ್ ಆಗುತ್ತದೆ. ನೀರಿನ ಪೈಪಿಗೆ ವೈರ್ ಕಟ್ಟುವುದೂ ಬೇಡ.

ಇನ್ನು ಕುಣಿತ. ಉತ್ತರ ನಿಮ್ಮ ಕೊನೆಯ ಸಾಲಿನಲ್ಲೇ ಇದೆ, ಆ ನಾಲ್ಕು ಬಿರಡೆ. ಫ್ರಂಟ್ ಲೋಡ್ ಮಷೀನಿನ ಡ್ರಮ್ ಸ್ಪ್ರಿಂಗುಗಳ ಮೇಲೆ ತೂಗಾಡುತ್ತಿರುತ್ತದೆ. ಲಾರಿಯಲ್ಲಿ ಬರುವಾಗ ಅಲ್ಲಾಡಬಾರದು ಅಂತ ಕಾರ್ಖಾನೆಯಲ್ಲೇ ಹಿಂಬದಿಯಿಂದ ಉದ್ದ ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಕೆಲವದರಲ್ಲಿ ಮೂರು, ಕೆಲವದರಲ್ಲಿ ನಾಲ್ಕು. ಮನೆಗೆ ಬಂದ ಮೇಲೆ ಅವನ್ನು ಬಿಚ್ಚಿ, ಆ ತೂತುಗಳಿಗೆ ಬಿರಡೆ ಹಾಕಬೇಕು. ಬಿರಡೆ ಕವರಿನಲ್ಲೇ ಉಳಿದಿವೆ ಎಂದರೆ ಬೋಲ್ಟ್ ಮಷೀನಿನಲ್ಲೇ ಇವೆ ಅಂತ ಲೆಕ್ಕ. ಕಟ್ಟಿಹಾಕಿದ ಡ್ರಮ್ಮನ್ನೇ ಜೋರಾಗಿ ತಿರುಗಿಸಿದರೆ ಅದರ ಏಟೆಲ್ಲ ಹೊರಗಿನ ಡಬ್ಬಕ್ಕೆ. ಮನೆ ನಡುಗದೆ ಇನ್ನೇನು?

ಮೊಬೈಲ್ ಟಾರ್ಚ್ ಹಿಡಿದು ಹಿಂದೆ ನೋಡಿ. ಬೆನ್ನಿನ ತಗಡಿನಲ್ಲಿ ದಪ್ಪ ತಲೆಯ ಬೋಲ್ಟ್, ಅದರ ಸುತ್ತ ಪ್ಲಾಸ್ಟಿಕ್ ಅಥವಾ ರಬ್ಬರ್ ಬುಷ್ ಕಂಡರೆ ಅದೇ. ಬಿಚ್ಚುವುದು ಕಷ್ಟವಲ್ಲ, ಸಾಮಾನ್ಯವಾಗಿ ಪಾನಾ ಕೂಡ ಜೊತೆಗೇ ಕೊಟ್ಟಿರುತ್ತಾರೆ. ಆದರೂ ನೀವೇ ಬಿಚ್ಚಬೇಡಿ. ಮೊದಲು ಬೋಲ್ಟ್ ಇರುವ ಹಾಗೇ ಫೋಟೊ ತೆಗೆಯಿರಿ. ಆಮೇಲೆ ಕಂಪನಿಯ ಸರ್ವೀಸಿಗೆ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ. ಒಂದು ತಿಂಗಳು ಬೋಲ್ಟ್ ಸಮೇತ ಹಿಂಡಿದ್ದೀರಿ ಎಂದರೆ ಒಳಗಿನ ಡ್ಯಾಂಪರ್ (ಅದುರುವುದನ್ನು ತಡೆಯುವ ಭಾಗ), ಬೇರಿಂಗು ಪೆಟ್ಟು ತಿಂದಿರಬಹುದು. ತಿಂದೇ ಇರುತ್ತವೆ ಅಂತ ಅಲ್ಲ, ಬಹಳ ಮಷೀನ್ ಪಾರಾಗುತ್ತವೆ. ಬೋಲ್ಟ್ ತೆಗೆಸಿ, ಖಾಲಿ ಮಷೀನನ್ನು ಅವರೆದುರೇ ಪೂರ್ತಿ ವೇಗದಲ್ಲಿ ತಿರುಗಿಸಿ ಕೇಳಿ. ಬರೀ ಗುಂಯ್ ಅನ್ನುವ ಸದ್ದಾದರೆ ಸರಿ. ಗಡಗಡ, ಟಕಟಕ ಕೇಳಿದರೆ ವಾರಂಟಿಯಲ್ಲೇ ಬಿಚ್ಚಿ ನೋಡಬೇಕು ಅಂತ ಬರೆಸಿಕೊಳ್ಳಿ. ನಿಮ್ಮ ತಪ್ಪಲ್ಲ ಅನ್ನುವುದಕ್ಕೆ ಆ ಫೋಟೊ ಸಾಕು.

ಬೋಲ್ಟ್ ತೆಗೆದ ಮೇಲೂ ಸ್ವಲ್ಪ ಕುಣಿತ ಉಳಿಯಬಹುದು. ಕಾರಣ ನಿಮ್ಮ ಯುಟಿಲಿಟಿಯ ನೆಲ. ನೀರು ಹರಿಯಲಿ ಅಂತ ಮೇಸ್ತ್ರಿ ಅದನ್ನು ಮೋರಿ ಕಡೆಗೆ ವಾಟ ಕೊಟ್ಟೇ ಮಾಡಿರುತ್ತಾನೆ. ಮಷೀನಿನ ಕೆಳಗೆ ತಿರುಗಿಸುವ ನಾಲ್ಕು ಕಾಲುಗಳಿವೆ. ಮೇಲೆ ರಸಮಟ್ಟ ಇಟ್ಟು ಕಾಲು ಹೆಚ್ಚು ಕಡಿಮೆ ಮಾಡಬೇಕು. ಆಮೇಲೆ ಎದುರುಬದುರು ಮೂಲೆ ಒತ್ತಿ ನೋಡಿ, ಅಲ್ಲಾಡಬಾರದು. ಫಿಟ್ಟಿಂಗಿನವರು ಮರೆಯುವುದು ಕಾಲಿನ ಮೇಲಿನ ಚಪ್ಪಟೆ ನಟ್ಟನ್ನು. ಅದನ್ನು ಮಷೀನಿನ ತಳಕ್ಕೆ ತಾಗುವ ಹಾಗೆ ಬಿಗಿಯದಿದ್ದರೆ ನಾಲ್ಕು ಸಲ ಹಿಂಡುವಷ್ಟರಲ್ಲಿ ಕಾಲು ತಾನಾಗಿ ತಿರುಗಿ ಮತ್ತೆ ವಾರೆಯಾಗುತ್ತದೆ.

ಗಾಲಿ ಸ್ಟ್ಯಾಂಡ್ ದಯವಿಟ್ಟು ತಗೊಳ್ಳಬೇಡಿ. ಗುಡಿಸಲು ಅನುಕೂಲ ಅನ್ನುವುದು ಸರಿ. ಆದರೆ ಫ್ರಂಟ್ ಲೋಡ್ ಜೋರಾಗಿ ಹಿಂಡುವಾಗ ಅದರ ಕೆಳಗೆ ಗಾಲಿ ಇರಬಾರದು. ಕಾಲಿನ ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಬೇಕಾದರೆ ಹಾಕಿ. ಮತ್ತೆ, ಒಂದೇ ಒಂದು ಬೆಡ್‌ಶೀಟ್ ಹಾಕಿ ಹಿಂಡಬೇಡಿ. ಅದು ಉಂಡೆಯಾಗಿ ಒಂದೇ ಕಡೆ ಕೂರುತ್ತದೆ. ಜೊತೆಗೆ ಎರಡು ಟವೆಲ್ ಹಾಕಿದರೆ ಭಾರ ಹಂಚಿಹೋಗುತ್ತದೆ.

ನೀರು ನಿಧಾನವಾಗಿ ತುಂಬುವುದಕ್ಕೆ ಎಲ್ಲರೂ ಮೊದಲು ಬೈಯುವುದು ಮಷೀನಿನ ವಾಲ್ವನ್ನು. ನಾನು ಮೊದಲು ತಾರಸಿ ಕಡೆ ನೋಡುತ್ತೇನೆ. ಬಹಳಷ್ಟು ಮಷೀನ್‌ಗಳ ಪುಸ್ತಕದಲ್ಲಿ ಕನಿಷ್ಠ 0.3 ಬಾರ್ ಒತ್ತಡ ಬೇಕು ಅಂತ ಬರೆದಿರುತ್ತದೆ. ಅಂದರೆ ಟ್ಯಾಂಕಿನ ನೀರಿನ ಮಟ್ಟ ಮಷೀನಿನ ಪೈಪ್ ಸೇರುವ ಜಾಗಕ್ಕಿಂತ ಸುಮಾರು 3 ಮೀಟರ್, 10 ಅಡಿ, ಮೇಲಿರಬೇಕು. ನಿಮ್ಮ ಮನೆಗೆ ಲೆಕ್ಕ ಹಾಕಿ. ಚಾವಣಿ 10 ಅಡಿ, ಮಷೀನಿನ ಪೈಪ್ 3 ಅಡಿ ಮೇಲೆ, ಉಳಿದದ್ದು 7 ಅಡಿ. ಟ್ಯಾಂಕ್ ನೇರ ತಾರಸಿ ಮೇಲೇ ಕೂತಿದ್ದರೆ ಒಳಗಿನ ನೀರು ಇನ್ನೊಂದು ಎರಡು, ಮೂರು ಅಡಿ. ತುಂಬಿದಾಗ ಹೇಗೋ ನಡೆಯುತ್ತದೆ, ಅರ್ಧವಾದಾಗ ಸಾಲದು. ಬೀಪ್ ‘ಕೆಲವು ಸಲ’ ಮಾತ್ರ ಬರುವುದು ಇದಕ್ಕೇ ಇರಬಹುದು. ಕೆಳಗಿನ ಮನೆಯವರಿಗೆ ಈ ತೊಂದರೆಯೇ ಇರುವುದಿಲ್ಲ, ಅಲ್ವಾ?

ಪಂಪ್ ಕೊಳ್ಳುವ ಮೊದಲು ಖರ್ಚಿಲ್ಲದ ಎರಡು ಪರೀಕ್ಷೆ ಮಾಡಿ. ಮೊದಲನೆಯದು, ನಳ ಬಂದ್ ಮಾಡಿ, ಪೈಪನ್ನು ಮಷೀನಿನ ಕಡೆಯಿಂದ ಬಿಚ್ಚಿ ಬಕೆಟ್ಟಿಗೆ ಬಿಟ್ಟು ನಳ ತಿರುಗಿಸಿ. ಬಕೆಟ್ಟಿಗೆ ಜೋರಾಗಿ ಬಂದರೆ ಲೈನ್ ಸರಿ ಇದೆ, ಮಷೀನಿನ ಬಾಯಲ್ಲಿರುವ ಸಣ್ಣ ಜಾಲರಿ ಕಟ್ಟಿದೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದರೆ ಹೊರಗೆ ಬರುತ್ತದೆ. ಬೋರ್ ನೀರಿನ ಮನೆಯಲ್ಲಿ ಅದರ ಮೇಲೆ ಕೆಂಪು ಮರಳು, ಪ್ಲಂಬರ್ ಸುತ್ತಿದ ಬಿಳಿ ಟೇಪಿನ ಚೂರು ಇರುತ್ತವೆ. ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ ವಾಪಸ್ ಹಾಕಿ, ಹಾಕದೆ ಮಾತ್ರ ಓಡಿಸಬೇಡಿ.

ಎರಡನೆಯದು, ವೈರಿಂಗ್ ಸರಿಯಾದ ಮೇಲೆ, ನೀರು ತುಂಬುತ್ತಿರುವಾಗ ಹೊರಹೋಗುವ ಪೈಪನ್ನು ನೋಡಿ. ಅದು ಎಲ್ಲಿದೆ ಅಂತ ನೀವು ಬರೆದಿಲ್ಲ. ಮೋರಿಯ ತೂತಿಗೆ ನೆಲದ ಮೇಲೇ ತುರುಕಿದ್ದರೆ ಒಳಗೆ ಬಂದ ನೀರು ಅಲ್ಲಿಂದ ಸೋರಿಹೋಗುತ್ತಲೇ ಇರುತ್ತದೆ, ಮಷೀನ್ ತುಂಬುತ್ತಲೇ ಇರುತ್ತದೆ. ಫ್ರಂಟ್ ಲೋಡಿನಲ್ಲಿ ನೀರನ್ನು ಪಂಪ್ ಎತ್ತಿ ಹಾಕುತ್ತದೆ. ಆದ್ದರಿಂದ ಆ ಪೈಪ್ ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರಕ್ಕೆ ಹೋಗಿ ಬಾಗಿ ಇಳಿಯಬೇಕು. ಬಾಗಿಸಲು ಪ್ಲಾಸ್ಟಿಕ್ ಕೊಕ್ಕೆ ಕೊಟ್ಟಿರುತ್ತಾರೆ. ಪಂಪ್ ಇಲ್ಲದ ಟಾಪ್ ಲೋಡಿಗೆ ಇದು ಪೂರ್ತಿ ಉಲ್ಟಾ, ಅಲ್ಲಿ ಪೈಪ್ ನೆಲದ ಮೇಲೇ ಇರಬೇಕು. ಅಕ್ಕನ ಮನೆಯಲ್ಲಿ ಹಾಗಿದೆ ಅಂತ ನಿಮ್ಮಲ್ಲಿ ಮಾಡಬೇಡಿ.

ಎರಡೂ ಸರಿ ಇದ್ದು ನೀರು ಮಾತ್ರ ನಿಧಾನ ಎಂದರೆ ಉಳಿದದ್ದು ಒತ್ತಡ. ಟ್ಯಾಂಕಿನಿಂದ ಮಷೀನಿಗೆ ಬೇರೆಯೇ ಪೈಪ್ ಎಳೆಸಬಹುದು. ಟ್ಯಾಂಕ್ ಎತ್ತರಿಸಬಹುದು, ಆದರೆ 1000 ಲೀಟರ್ ನೀರು ಎಂದರೆ ಒಂದು ಟನ್. ಇಟ್ಟಿಗೆ ಜೋಡಿಸಿ ಅದರ ಮೇಲೆ ಕೂರಿಸುವ ಕೆಲಸವಲ್ಲ, ತೊಲೆ ಎಲ್ಲಿದೆ ಅಂತ ನೋಡಿ ಕಟ್ಟಬೇಕು. ಇಲ್ಲವೇ ಸಣ್ಣ ಪ್ರೆಷರ್ ಪಂಪ್. ಸದ್ದು ಮಾಡುತ್ತದೆ, ಟ್ಯಾಂಕ್ ಖಾಲಿಯಾದಾಗ ಓಡಿದರೆ ಸುಡುತ್ತದೆ. ಆದರೂ ನಿಮ್ಮ ಥರದ ಮನೆಗೆ ನನ್ನ ಆಯ್ಕೆ ಅದೇ. ಸೋಪಿನ ಡ್ರಾಯರಿಗೆ ಮಗ್ಗಿನಲ್ಲಿ ನೀರು ಸುರಿಯುವವರಿದ್ದಾರೆ. ಡ್ರಾಯರಿನ ಪಕ್ಕದಲ್ಲೇ ಸರ್ಕ್ಯೂಟ್ ಬೋರ್ಡ್ ಇರುವುದರಿಂದ ನಾನು ಅದನ್ನು ಹೇಳುವುದಿಲ್ಲ.

ಈಗ ಬಿಳಿ ಪುಡಿ, ಬೋರ್ ನೀರು, ಎರಡು ವರ್ಷದ ಭವಿಷ್ಯ. ನಮ್ಮ ಕಡೆ ಬೋರ್ ನೀರು ಗಡಸು ಅನ್ನುವುದು ಪಾತ್ರೆಯ ತಳ ನೋಡಿದರೇ ಗೊತ್ತಾಗುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸರಿ ಅಂತ ಭಾರತೀಯ ಮಾನಕ ಹೇಳುತ್ತದೆ. ನಿಮ್ಮ ಬೋರಿನದು ಎಷ್ಟು ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಚಿತ್ರದುರ್ಗದ ಕಡೆಯವರು ಇದಕ್ಕೆ ಫ್ಲೋರೈಡ್ ಅನ್ನೂ ಸೇರಿಸಿ ಹೆದರುತ್ತಾರೆ. ಫ್ಲೋರೈಡ್ ಹಲ್ಲು, ಮೂಳೆಯ ಸಮಸ್ಯೆ. ಮಷೀನಿನದಲ್ಲ. ಮಷೀನಿಗೆ ತೊಂದರೆ ಕೊಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ.

ಆ ಲವಣ ತಣ್ಣೀರಲ್ಲಿ ಕರಗಿಯೇ ಇರುತ್ತದೆ. ಬಿಸಿ ಮಾಡಿದಾಗ ಸುಣ್ಣದ ಹಾಗೆ ಹೀಟರಿಗೆ ಅಂಟುತ್ತದೆ. ಪದರ ದಪ್ಪವಾದಷ್ಟೂ ಹೀಟರಿನ ಬಿಸಿ ನೀರಿಗೆ ಹೋಗುವುದಿಲ್ಲ, ತಾನೇ ಕಾದು ಕಾದು ಒಂದು ದಿನ ಸೀಳುತ್ತದೆ. ಆಗಲೇ ಮೇಲೆ ಹೇಳಿದ ಕರೆಂಟ್ ಮೈಗೆ ಬರುವುದು. ಹಾಗಾಗಿ ‘ಎರಡು ವರ್ಷ’ ಅನ್ನುವುದು ನೀವು ಹೇಗೆ ಒಗೆಯುತ್ತೀರಿ ಅನ್ನುವುದರ ಮೇಲಿದೆ. ಬೋರ್ ನೀರಲ್ಲಿ ದಿನಾ 60 ಡಿಗ್ರಿಯಲ್ಲಿ ಒಗೆದರೆ ಪಕ್ಕದ ಮನೆಯವರ ಮಾತು ನಿಜವಾಗಬಹುದು. ದಿನದ ಬಟ್ಟೆ ತಣ್ಣೀರಲ್ಲಿ ಒಗೆದು, ಚಾದರ, ಮಗುವಿನ ಬಟ್ಟೆಗೆ ಮಾತ್ರ ಬಿಸಿನೀರು ಬಳಸಿದರೆ ಬಹಳ ವರ್ಷ ಬರುತ್ತದೆ.

ಬಟ್ಟೆಯ ಮೇಲಿನ ಬಿಳಿ ಮಾತ್ರ ಲವಣವೇ ಆಗಿರಬೇಕಿಲ್ಲ. ಮಾರ್ಕಾದ ಜಾಗವನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಉಜ್ಜಿ. ಹೋದರೆ ಅದು ಕರಗದ ಸೋಪಿನ ಪುಡಿ. ಹೋಗದೆ, ವಿನೆಗರ್ ಸೇರಿಸಿದ ನೀರಿಗೆ ಹೋದರೆ ಲವಣ. ನನ್ನ ಅಂದಾಜು ನಿಮ್ಮದು ಸೋಪೇ. ಫ್ರಂಟ್ ಲೋಡ್ ಕಡಿಮೆ ನೀರಲ್ಲಿ ಒಗೆಯುತ್ತದೆ, ನಿಮ್ಮಲ್ಲಿ ಆ ನೀರೂ ಸರಿಯಾಗಿ ಬರುತ್ತಿಲ್ಲ. ಕೈಯಲ್ಲಿ ಒಗೆಯುವ ಪುಡಿ ಹಾಕುತ್ತಿದ್ದರೆ ನಿಲ್ಲಿಸಿ. ಫ್ರಂಟ್ ಲೋಡಿನ ಲಿಕ್ವಿಡ್ ಹಾಕಿ, ಡ್ರಮ್ಮಿನಲ್ಲಿ ಮೇಲೆ ಒಂದು ಗೇಣು ಜಾಗ ಬಿಡಿ, ಇನ್ನೊಂದು ಸಲ ಜಾಲಿಸುವ ಬಟನ್ ಒತ್ತಿ.

ಇದಕ್ಕಿಂತ ಸುಲಭದ ಪರೀಕ್ಷೆ ಒಂದಿದೆ. ನಮ್ಮೂರಿಗೆ ನಳದಲ್ಲಿ ಬರುವುದು ತುಂಗಭದ್ರೆಯ ನೀರು, ಭದ್ರಾ ಕಾಲುವೆಯಿಂದ ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗೆ ತುಂಬಿಸಿದ ನೀರು. ಚಿತ್ರದುರ್ಗದವರಿಗೆ ಸೂಳೆಕೆರೆಯದು, ವಾಣಿವಿಲಾಸ ಸಾಗರದ್ದು. ಬೋರ್ ನೀರಿಗೆ ಹೋಲಿಸಿದರೆ ಇವು ಮೆದು. ನಳದ ನೀರು ಬಂದು ಸಂಪು ತುಂಬಿದ ದಿನ ಕಪ್ಪು ಬಟ್ಟೆ ಒಗೆದು ನೋಡಿ. ಅವತ್ತೂ ಬಿಳಿ ಬಂದರೆ ನೀರನ್ನು ಬೈಯುವುದು ಬಿಡಿ. ಸಾಧ್ಯವಾದರೆ ಬಿಸಿನೀರಿನ ವಾಷ್ ಕೂಡ ಅದೇ ದಿನಕ್ಕೆ ಇಟ್ಟುಕೊಳ್ಳಿ. ಆರ್‌ಓದಿಂದ ಹೊರಬೀಳುವ ನೀರನ್ನು ಉಳಿತಾಯ ಅಂತ ಮಷೀನಿಗೆ ಹಾಕುವವರಿದ್ದಾರೆ. ಬೋರ್ ನೀರಿನ ಲವಣ ಇನ್ನೂ ಗಟ್ಟಿಯಾಗಿ ಸೇರಿರುವುದು ಅದರಲ್ಲೇ. ನೆಲ ಒರೆಸಲು ಇಟ್ಟುಕೊಳ್ಳಿ.

ಅಂಗಡಿಯವರ ಫಿಲ್ಟರ್ ಎಂದರೆ ಬಿಳಿ ಹರಳು ತುಂಬಿದ ಸಣ್ಣ ಕೊಳವೆ ಇರಬೇಕು. ಅದು ಗಡಸನ್ನು ತೆಗೆಯುವುದಿಲ್ಲ, ಅಂಟುವುದನ್ನು ಸ್ವಲ್ಪ ನಿಧಾನ ಮಾಡುತ್ತದೆ. ಹರಳು ಮುಗಿದರೆ ಬದಲಿಸಬೇಕು. ನಿಮ್ಮಲ್ಲಿ ಮೊದಲೇ ಒತ್ತಡ ಕಮ್ಮಿ, ಅದನ್ನು ಹಾಕಿದರೆ ಇನ್ನೂ ಕಮ್ಮಿಯಾಗುತ್ತದೆ. ನನ್ನ ಕೇಳಿದರೆ ಈಗ ಬೇಡ. ಉಪ್ಪು ಹಾಕಿ ತೊಳೆಯುವ ದೊಡ್ಡ ಸಾಫ್ಟ್‌ನರ್ ಮಾತ್ರ ನಿಜವಾಗಿ ನೀರನ್ನು ಮೆದು ಮಾಡುತ್ತದೆ, ಆದರೆ ಬರೀ ಒಂದು ಮಷೀನಿಗಾಗಿ ಅಷ್ಟು ಖರ್ಚು ಬೇಕಿಲ್ಲ.

ಅದರ ಬದಲು ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ 60 ಡಿಗ್ರಿಯಲ್ಲಿ ಓಡಿಸಿ. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೂ ಕೊಡುತ್ತಾರೆ. ಅದರ ಜೊತೆ ಬ್ಲೀಚಿಂಗ್ ಪೌಡರ್ ಮಾತ್ರ ಸೇರಿಸಬಾರದು, ಕ್ಲೋರಿನ್ ಗ್ಯಾಸ್ ಏಳುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ಡಂತೂ ಬೇಡವೇ ಬೇಡ, ಡ್ರಮ್ಮನ್ನೂ ರಬ್ಬರನ್ನೂ ತಿನ್ನುತ್ತದೆ.

ಸ್ಟೆಬಿಲೈಸರ್ ವಿಷಯ ಚಿಕ್ಕದು. ಮಷೀನಿನ ಬೆನ್ನಿಗೆ ಅಂಟಿಸಿದ ಚೀಟಿ ಮತ್ತು ಪುಸ್ತಕದಲ್ಲಿ ಎಷ್ಟು ವೋಲ್ಟೇಜ್ ಬೇಕು ಅಂತ ಇರುತ್ತದೆ. ಎಲೆಕ್ಟ್ರಿಷಿಯನ್ ಬಂದಾಗ ಸಂಜೆ ಹೊತ್ತು ಒಮ್ಮೆ ಅಳೆಸಿ. ಅದರೊಳಗೇ ಇದ್ದರೆ ಬೇಕಿಲ್ಲ. ಪಂಪ್‌ಸೆಟ್ ಓಡುವಾಗ ಬಲ್ಬ್ ಮಂಕಾಗುವ ಹಳ್ಳಿ ಮನೆಗಳ ಕಥೆ ಬೇರೆ. ಆ ದುಡ್ಡಿನಲ್ಲಿ ನೀವು ಆರ್‌ಸಿಸಿಬಿ ಹಾಕಿಸಿ.

ಕೊನೆಗೆ, ವಾಪಸ್ ಕೊಡಬಹುದಾ? ಫಿಟ್ಟಿಂಗ್ ತಪ್ಪಿಗೆ ಮಷೀನ್ ವಾಪಸ್ ತಗೊಳ್ಳಿ ಅಂದರೆ ಅಂಗಡಿಯವರು ಒಪ್ಪುವುದು ಕಷ್ಟ, ನನಗೂ ಅದು ಬೇಕು ಅನ್ನಿಸುವುದಿಲ್ಲ. ಕೇಳಬೇಕಾದ್ದು ಸರಿಯಾದ ಫಿಟ್ಟಿಂಗನ್ನು, ಪುಕ್ಕಟೆಯಾಗಿ, ಬರಹದಲ್ಲಿ. ಬಿಲ್, ವಾರಂಟಿ ಕಾರ್ಡ್, ಬೋಲ್ಟಿನ ಫೋಟೊ, ದೂರಿನ ನಂಬರ್ ಒಂದೇ ಕಡೆ ಇಡಿ. ‘ಮೋಟಾರಿಗೆ 10 ವರ್ಷ’ ಅಂತ ಬಾಗಿಲ ಮೇಲೆ ಅಂಟಿಸಿದ್ದರೆ ಅದು ಇಡೀ ಮಷೀನಿಗಲ್ಲ, ಉಳಿದ ಭಾಗಕ್ಕೆ ಎಷ್ಟು ಅಂತ ಕಾರ್ಡಿನಲ್ಲಿ ಓದಿ. ಸುಮ್ನೆ ಅಲೆದಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಈ ಸಲ ಬಂದವರು ಬಟ್ಟೆ ಹಾಕಿ, ನೀರು ತುಂಬಿ, ಪೂರ್ತಿ ಹಿಂಡಿ ತೋರಿಸುವವರೆಗೆ ಸಹಿ ಹಾಕಬೇಡಿ. ಬಿಚ್ಚಿದ ಬೋಲ್ಟುಗಳನ್ನು ಅವರು ಜೇಬಿಗೆ ಹಾಕಿಕೊಂಡು ಹೋಗದ ಹಾಗೆ ನೋಡಿಕೊಳ್ಳಿ. ಮನೆ ಬದಲಿಸುವ ದಿನ ಅವು ಮತ್ತೆ ಬೇಕು.